ಭೂಕಂಪ ಆಗಿಹೋದ ಮೇಲೆ ಸೂಪರ್‌ಕಂಪ್ಯೂಟರ್ ಯಾಕೆ ಬೇಕು?

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ. ಭೂಕಂಪ ಆದ ಕೂಡಲೇ ಸೂಪರ್‌ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ರಕ್ಷಣಾ ತಂಡಗಳಿಗೆ ನೆರವಾಗುತ್ತಾರೆ ಅಂತ ಕೇಳಿದೆ. ನನಗೆ ಅರ್ಥವಾಗದ್ದು ಇಷ್ಟೇ: ಎಲ್ಲ ಮುಗಿದ ಮೇಲೆ ಲೆಕ್ಕ ಹಾಕಿ ಏನು ಪ್ರಯೋಜನ? ಬಿದ್ದ ಕಟ್ಟಡ ಬಿದ್ದೇ ಇರುತ್ತದೆ. ಅದಕ್ಕೆ ಅಷ್ಟು ದೊಡ್ಡ ಯಂತ್ರವೇ ಬೇಕಾ, ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಕ್ಲೌಡ್ ಕಂಪ್ಯೂಟರ್ ಸಾಕಾಗಲ್ವಾ? ಈ ಕೆಲಸ ಕಲಿಯಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಪ್ರಶ್ನೆ ಸರಿಯಾಗೇ ಇದೆ. ಆದರೆ ಅದರೊಳಗೆ ಒಂದು ಊಹೆ ಕೂತಿದೆ. ಕಟ್ಟಡಗಳು ಎಲ್ಲಿ ಬಿದ್ದಿವೆ ಅಂತ ಎಲ್ಲರಿಗೂ ಗೊತ್ತಿರುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಗೊತ್ತಿರುವುದಿಲ್ಲ. ಮೊದಲ ಕೆಲವು ಗಂಟೆಯಂತೂ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ದೊಡ್ಡ ಭೂಕಂಪ ಆದಾಗ ಫೋನು ಎಲ್ಲಿಂದ ಬರುತ್ತದೆ ಯೋಚಿಸಿ. ಗೋಡೆ ಬಿರುಕು ಬಿಟ್ಟ ಊರಿಂದ ಬರುತ್ತದೆ. ಗಾಬರಿಯಾಗಿ ಬೀದಿಗೆ ಓಡಿ ಬಂದವರಿಂದ ಬರುತ್ತದೆ. ಪೂರ್ತಿ ನೆಲಸಮ ಆದ ಊರಿಂದ ಏನೂ ಬರುವುದಿಲ್ಲ. ಅಲ್ಲಿ ಟವರ್ ಬಿದ್ದಿರುತ್ತದೆ, ಕರೆಂಟ್ ಹೋಗಿರುತ್ತದೆ, ಹೇಳಬೇಕಾದವರೇ ಮಣ್ಣಿನಡಿ ಇರುತ್ತಾರೆ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್, ಅಲುಗಾಟ ನಿಮಗೆ ಎಷ್ಟು ಜೋರಾಗಿ ಗೊತ್ತಾಯಿತು ಅಂತ ಜನರನ್ನೇ ಕೇಳಿ ನಕ್ಷೆ ಮಾಡುತ್ತದೆ. ಅಂಥ ನಕ್ಷೆಗಳಲ್ಲಿ ಸುತ್ತಲೂ ವರದಿ ತುಂಬಿಕೊಂಡು ನಡುವೆ ಖಾಲಿ ಉಳಿಯುವುದುಂಟು. ಆ ಖಾಲಿ ಜಾಗ ನೋಡಿ ‘ಸದ್ಯ, ಅಲ್ಲೇನೂ ಆಗಿಲ್ಲ’ ಅಂದುಕೊಂಡರೆ ಕೆಟ್ಟಿರಿ.

ಹೆಲಿಕಾಪ್ಟರ್ ಕಳಿಸಬಹುದಲ್ಲ ಅನ್ನುತ್ತೀರಿ. ರಾತ್ರಿಯಾದರೆ? ಟರ್ಕಿಯಲ್ಲಿ 2023ರ ಫೆಬ್ರುವರಿ 6ರ ಭೂಕಂಪ ಆದದ್ದು ಬೆಳಗಿನ ಜಾವ 4:17ಕ್ಕೆ, ಚಳಿಗಾಲದಲ್ಲಿ. ಉಪಗ್ರಹ ಚಿತ್ರವೂ ತಕ್ಷಣ ಸಿಗುವುದಿಲ್ಲ. ಉಪಗ್ರಹ ಆ ಜಾಗದ ಮೇಲೆ ಹಾಯ್ದು ಹೋಗುವ ತನಕ ಕಾಯಬೇಕು, ಮೋಡ ಇರಬಾರದು, ರಾಡಾರ್ ಆದರೆ ಹಳೆಯ ಚಿತ್ರದ ಜೊತೆ ಹೋಲಿಸಬೇಕು. ಇದಕ್ಕೆಲ್ಲ ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಅವಶೇಷದಡಿ ಸಿಕ್ಕಿ ಬದುಕಿ ಬರುವವರಲ್ಲಿ ಬಹುಪಾಲು ಜನರನ್ನು ಮೊದಲ 24 ಗಂಟೆಯಲ್ಲೇ ಹೊರಗೆ ತೆಗೆದಿರುತ್ತಾರೆ. ಆ 24 ಗಂಟೆಯ ಮೊದಲ ಭಾಗ ಪೂರ್ತಿ ಕುರುಡಾಗಿ ಹೋಗಬಾರದು ಅನ್ನುವುದೇ ಈ ಲೆಕ್ಕದ ಉದ್ದೇಶ.

ಅಂದಹಾಗೆ, ಭೂಕಂಪ ಯಾವಾಗ ಆಗುತ್ತದೆ ಅಂತ ಯಾವ ಸೂಪರ್‌ಕಂಪ್ಯೂಟರೂ ಹೇಳುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ನಂಬಬೇಡಿ. ಜಪಾನ್ 2007ರಿಂದ ಇಡೀ ದೇಶದಲ್ಲಿ ನಡೆಸುತ್ತಿರುವ ಮುನ್ನೆಚ್ಚರಿಕೆ ವ್ಯವಸ್ಥೆಯೂ ಬೇರೆ ವಿಷಯ. ಮೊದಲು ಬರುವ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಜೋರಾಗಿ ಅಲ್ಲಾಡಿಸುವ ಎಸ್ ಅಲೆ ಸುಮಾರು 3.5 ಕಿ.ಮೀ. ಈ ಅಂತರದಲ್ಲಿ ಸಿಗುವ ಕೆಲವೇ ಸೆಕೆಂಡುಗಳಲ್ಲಿ ರೈಲು ನಿಧಾನ ಮಾಡುವುದು, ಲಿಫ್ಟ್ ನಿಲ್ಲಿಸುವುದು ಅದರ ಕೆಲಸ. ಅಲ್ಲಿ ದೊಡ್ಡ ಲೆಕ್ಕಕ್ಕೆ ಪುರುಸೊತ್ತೇ ಇಲ್ಲ. ನೀವು ಕೇಳುತ್ತಿರುವುದು ಅದರ ನಂತರದ ಹೊತ್ತು, ಮೊದಲ ಹತ್ತು ನಿಮಿಷದಿಂದ ಮೊದಲ ದಿನದವರೆಗಿನದು.

ಆ ಹೊತ್ತಿನಲ್ಲಿ ಕೈಯಲ್ಲಿ ಏನಿರುತ್ತದೆ? ಭೂಕಂಪದ ಕೇಂದ್ರಬಿಂದು ಮತ್ತು ತೀವ್ರತೆ. ಟಿವಿಯಲ್ಲಿ ಬರುವುದೂ ಅದೇ, ನಕ್ಷೆಯ ಮೇಲೆ ಒಂದು ಚುಕ್ಕೆ, ಸುತ್ತ ವೃತ್ತಗಳು. ಈ ಚುಕ್ಕೆಯೇ ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಕೇಂದ್ರಬಿಂದು ಅಂದರೆ ನೆಲದಾಳದ ಫಾಲ್ಟ್ (ಬಂಡೆಗಳು ಒಂದರ ಪಕ್ಕ ಒಂದು ಜಾರುವ ಬಿರುಕು) ಸೀಳಲು ಶುರುವಾದ ಜಾಗ ಅಷ್ಟೇ. ಅಲ್ಲಿಂದ ಸೀಳು ಸೆಕೆಂಡಿಗೆ ಎರಡೂವರೆ ಮೂರು ಕಿ.ಮೀ. ವೇಗದಲ್ಲಿ ಓಡುತ್ತದೆ, ಒಂದೇ ದಿಕ್ಕಿಗೆ ಓಡಬಹುದು, ಎರಡೂ ದಿಕ್ಕಿಗೆ ಓಡಬಹುದು, ನಡುವೆ ಇನ್ನೊಂದು ಫಾಲ್ಟ್‌ಗೂ ಹಾರಬಹುದು.

ನೇಪಾಳದಲ್ಲಿ 2015ರ ಏಪ್ರಿಲ್ 25ರಂದು ಆದ 7.8 ತೀವ್ರತೆಯ ಭೂಕಂಪವನ್ನೇ ನೋಡಿ. ಅದು ಶುರುವಾದದ್ದು ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ, ಕಾಠ್ಮಂಡುವಿನಿಂದ ವಾಯವ್ಯಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ. ಹೆಸರೂ ಗೋರ್ಖಾ ಭೂಕಂಪ ಅಂತಲೇ ಆಯಿತು. ಆದರೆ ಸೀಳು ಓಡಿದ್ದು ಪೂರ್ವಕ್ಕೆ. ಅತಿ ಹೆಚ್ಚು ಜನ ಸತ್ತದ್ದು ಕಾಠ್ಮಂಡುವಿನ ಆಚೆ ಪಕ್ಕದ ಸಿಂಧುಪಾಲ್‌ಚೋಕ್ ಜಿಲ್ಲೆಯಲ್ಲಿ. ಚುಕ್ಕೆ ನೋಡಿಕೊಂಡು ಎಲ್ಲ ತಂಡಗಳನ್ನೂ ಚುಕ್ಕೆಯ ಕಡೆಗೇ ಕಳಿಸಿದ್ದರೆ ಏನಾಗುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ. ಟರ್ಕಿಯದೂ ಇದೇ ಕತೆ. ಸೀಳು ಒಂದು ಚಿಕ್ಕ ಕವಲಿನಲ್ಲಿ ಶುರುವಾಗಿ, ಮುಖ್ಯ ಫಾಲ್ಟ್‌ಗೆ ಹತ್ತಿ, ಎರಡೂ ಕಡೆ ಸೇರಿ ಸುಮಾರು 300 ಕಿ.ಮೀ. ಓಡಿತು. ಕೇಂದ್ರಬಿಂದುವಿನಿಂದ ನೂರಕ್ಕೂ ಹೆಚ್ಚು ಕಿ.ಮೀ. ದೂರದ ಅಂತಾಕ್ಯಾ ನಗರ ನುಚ್ಚುನೂರಾಯಿತು.

ಹಾಗಂತ ಈಗ ಇರುವ ವ್ಯವಸ್ಥೆ ಕೆಲಸಕ್ಕೆ ಬಾರದ್ದು ಅಂತಲ್ಲ. ಯುಎಸ್‌ಜಿಎಸ್‌ನ ಶೇಕ್‌ಮ್ಯಾಪ್ ಅನ್ನುವುದು ತುಂಬಾ ಜಾಣ ಸಾಧನ. ಅಳತೆ ಕೇಂದ್ರಗಳ ದಾಖಲೆ, ಜನರ ವರದಿ, ಜೊತೆಗೆ ಹಳೆಯ ಸಾವಿರಾರು ದಾಖಲೆಗಳಿಂದ ಮಾಡಿದ ಒಂದು ಸೂತ್ರ, ಈ ಮೂರನ್ನೂ ಬೆರೆಸಿ ನಿಮಿಷಗಳಲ್ಲಿ ಅಲುಗಾಟದ ನಕ್ಷೆ ಕೊಡುತ್ತದೆ. ಅದರ ಮೇಲೆ ಪೇಜರ್ ಅನ್ನುವ ಇನ್ನೊಂದು ವ್ಯವಸ್ಥೆ ಕೂತು, ಎಷ್ಟು ಸಾವು, ಎಷ್ಟು ನಷ್ಟ ಆಗಿರಬಹುದು ಅಂತ ಬಣ್ಣದಲ್ಲಿ ಹೇಳುತ್ತದೆ. ಇದಕ್ಕೆ ಸೂಪರ್‌ಕಂಪ್ಯೂಟರ್ ಬೇಡವೇ ಬೇಡ. ಅಳತೆ ಕೇಂದ್ರಗಳು ಒತ್ತೊತ್ತಾಗಿರುವ ಕಡೆ ಇದನ್ನು ಮೀರಿಸುವುದು ಕಷ್ಟ ಕೂಡ.

ತೊಂದರೆ ಬರುವುದು ಕೇಂದ್ರಗಳು ವಿರಳವಾಗಿರುವ ಕಡೆ, ಅಂದರೆ ಪ್ರಪಂಚದ ಬಹುಪಾಲು ಕಡೆ. ಅಲ್ಲಿ ನಕ್ಷೆಯ ತುಂಬಾ ಸೂತ್ರವೇ ಇರುತ್ತದೆ. ಸೂತ್ರಕ್ಕೆ ತೀವ್ರತೆ, ದೂರ, ಮೇಲಿನ ಮಣ್ಣು ಎಷ್ಟು ಗಟ್ಟಿ, ಹೀಗೆ ಕೆಲವು ವಿಷಯ ಮಾತ್ರ ಗೊತ್ತು. ಅದು ಸರಾಸರಿ ಹೇಳುತ್ತದೆ. ಆದರೆ ಒಂದೇ ದೂರದಲ್ಲಿರುವ ಎರಡು ಊರಲ್ಲಿ ಅಲುಗಾಟ ಎರಡು ಪಟ್ಟು ವ್ಯತ್ಯಾಸ ಆಗುವುದು ಮಾಮೂಲಿ. ಸೀಳು ಯಾವ ಕಡೆ ಓಡುತ್ತದೋ ಆ ಕಡೆಯ ಊರುಗಳಿಗೆ ಅಲೆಗಳೆಲ್ಲ ಒಟ್ಟಿಗೆ ಬಂದು ಬಡಿಯುತ್ತವೆ, ಹಿಂದಿನ ಊರುಗಳಿಗೆ ಅದೇ ಶಕ್ತಿ ಹಂಚಿಹೋಗಿ ನಿಧಾನವಾಗಿ ಬರುತ್ತದೆ. ಇನ್ನು ಮೆತ್ತನೆ ಮಣ್ಣು ತುಂಬಿದ ತಗ್ಗು ಪ್ರದೇಶಗಳಿದ್ದರೆ ಮುಗಿದೇ ಹೋಯಿತು. ತಟ್ಟೆಯಲ್ಲಿ ನೀರು ಹಾಕಿ ಅಂಚು ತಟ್ಟಿದರೆ ನೀರು ಆ ಕಡೆ ಈ ಕಡೆ ಹೊಯ್ದಾಡುತ್ತಲೇ ಇರುತ್ತದಲ್ಲ, ಹಾಗೆ ಅಲೆ ಒಳಗೇ ಸಿಕ್ಕಿಕೊಂಡು ದೊಡ್ಡದಾಗುತ್ತದೆ, ಜಾಸ್ತಿ ಹೊತ್ತು ನಿಲ್ಲುತ್ತದೆ. 1985ರಲ್ಲಿ ಮೆಕ್ಸಿಕೋ ಸಿಟಿ ಹಾಳಾದದ್ದು ಹೀಗೇ. ಭೂಕಂಪ ಆದದ್ದು 350 ಕಿ.ಮೀ.ಗೂ ಆಚೆ, ಕರಾವಳಿಯಲ್ಲಿ. ನಗರದ ಒಂದು ಭಾಗ ಇದ್ದದ್ದು ಹಳೆಯ ಕೆರೆಯ ಜೇಡಿಮಣ್ಣಿನ ಮೇಲೆ. 2020ರ ಅಕ್ಟೋಬರ್ 30ರಂದು ಸಾಮೋಸ್ ದ್ವೀಪದ ಹತ್ತಿರ ಆದ ಭೂಕಂಪದಲ್ಲೂ, ಟರ್ಕಿಯ ಇಜ್ಮಿರ್‌ನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಕಟ್ಟಡಗಳು ಬಿದ್ದದ್ದು ಕೇಂದ್ರಬಿಂದುವಿನಿಂದ ಸುಮಾರು 70 ಕಿ.ಮೀ. ದೂರದ ಬಾಯ್‌ರಾಕ್ಲಿ ಅನ್ನುವ ಮೆತ್ತನೆ ಮಣ್ಣಿನ ಬಡಾವಣೆಯಲ್ಲಿ.

ಸರಾಸರಿ ಸೂತ್ರ ಬಿಟ್ಟು, ಆ ಪ್ರದೇಶದ ನೆಲವನ್ನೇ ಕಂಪ್ಯೂಟರ್‌ನೊಳಗೆ ಕಟ್ಟಿ, ಆವತ್ತಿನ ಸೀಳನ್ನೇ ಅದರೊಳಗೆ ಓಡಿಸಿ, ಅಲೆ ಹೇಗೆ ಹರಡಿತು ಅಂತ ಭೌತಶಾಸ್ತ್ರದ ಸಮೀಕರಣಗಳಿಂದ ಲೆಕ್ಕ ಹಾಕಿದರೆ ಈ ಎರಡೂ ಪರಿಣಾಮ ತಾವಾಗೇ ಹೊರಗೆ ಬರುತ್ತವೆ. ಅದಕ್ಕೇ ದೊಡ್ಡ ಯಂತ್ರ.

ಎಷ್ಟು ದೊಡ್ಡದು ಅನ್ನುವುದನ್ನು ಸರಳ ಲೆಕ್ಕದಲ್ಲೇ ನೋಡಬಹುದು. 200 ಕಿ.ಮೀ. ಉದ್ದ, 200 ಕಿ.ಮೀ. ಅಗಲ, 50 ಕಿ.ಮೀ. ಆಳದ ನೆಲ ತಗೊಳ್ಳಿ. 1 ಹರ್ಟ್ಸ್‌ವರೆಗಿನ, ಅಂದರೆ ಸೆಕೆಂಡಿಗೆ ಒಂದು ಸಲದವರೆಗೆ ತೂಗುವ ಅಲುಗಾಟ ಬೇಕು. ಮೆತ್ತನೆ ನೆಲದಲ್ಲಿ ಎಸ್ ಅಲೆ ಸೆಕೆಂಡಿಗೆ 500 ಮೀಟರ್ ಓಡಿದರೆ ಅಲೆಯ ಉದ್ದ 500 ಮೀಟರ್. ಒಂದು ಅಲೆಗೆ ಕನಿಷ್ಠ ಐದು ಬಿಂದುವಾದರೂ ಬೇಕು, ಅಂದರೆ ಬಿಂದುವಿಂದ ಬಿಂದುವಿಗೆ 100 ಮೀಟರ್. ಒಟ್ಟು 200 ಕೋಟಿ ಬಿಂದು ಆಯಿತು. ಸಮಯವನ್ನೂ ಚೂರು ಚೂರು ಮಾಡಬೇಕು, ಒಂದು ಚೂರು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಎರಡೂವರೆ ನಿಮಿಷದ ಅಲುಗಾಟಕ್ಕೆ ಸುಮಾರು 20,000 ಹೆಜ್ಜೆ. 200 ಕೋಟಿ ಗುಣಿಸು 20,000 ಅಂದರೆ 40 ಲಕ್ಷ ಕೋಟಿ ಸಲ ಒಂದು ಬಿಂದುವನ್ನು ಹೊಸದಾಗಿ ಲೆಕ್ಕ ಹಾಕಬೇಕು, ಪ್ರತಿ ಸಲಕ್ಕೂ ನೂರಾರು ಕೂಡು-ಗುಣಿಸು. ಲ್ಯಾಪ್‌ಟಾಪ್ ಇದರ ಹತ್ತಿರವೂ ಸುಳಿಯುವುದಿಲ್ಲ, ಮೆಮೊರಿಯೇ ನೂರಾರು ಗಿಗಾಬೈಟ್ ಬೇಕು. ಒಂದು ಪೆಟಾಫ್ಲಾಪ್ ಯಂತ್ರ (ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಕೂಡು-ಗುಣಿಸು ಮಾಡುವಂಥದ್ದು), ಅದರ ಕಾಗದದ ಮೇಲಿನ ವೇಗದ ಹತ್ತನೇ ಒಂದು ಭಾಗ ಮಾತ್ರ ಕೈಗೆ ಸಿಕ್ಕರೂ, ಕೆಲವೇ ನಿಮಿಷದಲ್ಲಿ ಮುಗಿಸುತ್ತದೆ.

ಈಗ ಆವೃತ್ತಿ, ಅಂದರೆ ಆ ಹರ್ಟ್ಸ್ ಸಂಖ್ಯೆ, ಎರಡು ಪಟ್ಟು ಮಾಡಿ. ಬಿಂದುಗಳ ನಡುವಿನ ದೂರ ಅರ್ಧ ಆಗಬೇಕು. ಉದ್ದ, ಅಗಲ, ಆಳ ಮೂರರಲ್ಲೂ ಎರಡೆರಡು ಪಟ್ಟು, ಸಮಯದಲ್ಲಿ ಇನ್ನೆರಡು ಪಟ್ಟು. ಒಟ್ಟು 16 ಪಟ್ಟು ಕೆಲಸ. 1 ಹರ್ಟ್ಸ್‌ನಿಂದ 5 ಹರ್ಟ್ಸ್‌ಗೆ ಹೋದರೆ 625 ಪಟ್ಟು. ಈ ಕ್ಷೇತ್ರದಲ್ಲಿ ಎಲ್ಲರ ತಲೆ ತಿನ್ನುವುದು ಇದೇ ಲೆಕ್ಕ. 2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಫಾಲ್ಟ್‌ನಲ್ಲಿ 8 ತೀವ್ರತೆಯ ಭೂಕಂಪ ಆದರೆ ಹೇಗಿರುತ್ತದೆ ಅಂತ ಜಾಗ್ವಾರ್ ಅನ್ನುವ ಸೂಪರ್‌ಕಂಪ್ಯೂಟರ್‌ನಲ್ಲಿ ಓಡಿಸಿದ್ದರು. 40 ಮೀಟರ್‌ಗೊಂದು ಬಿಂದು, ಒಟ್ಟು 43,600 ಕೋಟಿ ಬಿಂದು, 2 ಹರ್ಟ್ಸ್‌ವರೆಗೆ, 2 ಲಕ್ಷಕ್ಕೂ ಹೆಚ್ಚು ಕೋರ್‌ಗಳು. ಆರು ನಿಮಿಷದ ಅಲುಗಾಟ ಲೆಕ್ಕ ಹಾಕಲು ಸುಮಾರು 24 ಗಂಟೆ ಹಿಡಿಯಿತು. ಸಂಶೋಧನೆಗೆ ಅದ್ಭುತ. ತುರ್ತಿಗೆ? 24 ಗಂಟೆ ಆಗುವಷ್ಟರಲ್ಲಿ ರಕ್ಷಣಾ ತಂಡಗಳು ನಡೆದೇ ಹೋಗಿ ನೋಡಿಕೊಂಡು ಬಂದಿರುತ್ತವೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇದನ್ನು ಹೇಳದೆ ಬಣ್ಣದ ವಿಡಿಯೋ ತೋರಿಸುವವರೇ ಜಾಸ್ತಿ. ಕಟ್ಟಡಕ್ಕೆ ತನ್ನದೇ ತೂಗಾಟದ ಲಯ ಇರುತ್ತದೆ. ಅಂದಾಜಿಗೆ, ಮಹಡಿಗಳ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ಸೆಕೆಂಡಿನಲ್ಲಿ ಆ ಲಯ ಸಿಗುತ್ತದೆ. ಹತ್ತು ಮಹಡಿಗೆ 1 ಸೆಕೆಂಡ್, ಅಂದರೆ 1 ಹರ್ಟ್ಸ್. ಎರಡು ಮಹಡಿಗೆ 0.2 ಸೆಕೆಂಡ್, ಅಂದರೆ 5 ಹರ್ಟ್ಸ್. ಹಾಗಾಗಿ 1 ಹರ್ಟ್ಸ್‌ವರೆಗೆ ಓಡಿಸಿದ ಸಿಮ್ಯುಲೇಷನ್ ಹತ್ತು ಮಹಡಿ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳ ಬಗ್ಗೆ ಚೆನ್ನಾಗಿ ಹೇಳುತ್ತದೆ, ಇಟ್ಟಿಗೆ ಗೋಡೆಯ ಎರಡಂತಸ್ತಿನ ಮನೆ ಬಗ್ಗೆ ಹೆಚ್ಚು ಕಡಿಮೆ ಏನೂ ಹೇಳುವುದಿಲ್ಲ. ಜನ ಸಾಯುವುದು ಎಷ್ಟೋ ಕಡೆ ಅಂಥ ಮನೆಗಳಲ್ಲೇ. ಮೆಕ್ಸಿಕೋ ಸಿಟಿಯಲ್ಲಿ ಕೆರೆಯ ಮಣ್ಣು ಸುಮಾರು 2 ಸೆಕೆಂಡಿನ ಲಯದಲ್ಲಿ ತೂಗಿತು, ಅದಕ್ಕೇ ಆರರಿಂದ ಹದಿನೈದು ಮಹಡಿಯ ಕಟ್ಟಡಗಳಿಗೆ ಜಾಸ್ತಿ ಪೆಟ್ಟಾಯಿತು. ಬಿರುಕು ಬಿಟ್ಟ ಕಟ್ಟಡದ ಲಯ ಇನ್ನೂ ನಿಧಾನ ಆಗುತ್ತದೆ ಅನ್ನುವುದೂ ಅದಕ್ಕೆ ಸೇರಿಕೊಂಡಿತು. ತುರ್ತಿನಲ್ಲಿ ಈಗ ಮಾಡುವ ಉಪಾಯ ಮಿಶ್ರಣ. ಕೆಳಗಿನ ಆವೃತ್ತಿಗೆ ನಿಜವಾದ ಅಲೆ ಲೆಕ್ಕ, ಮೇಲಿನ ಆವೃತ್ತಿಗೆ ಅಂಕಿಅಂಶದ ಆಧಾರದ ಮೇಲೆ ತುಂಬಿದ ಅಲುಗಾಟ, ಎರಡನ್ನೂ ಹೊಲಿದು ಒಂದು ಮಾಡುವುದು. ಹೊಲಿಗೆ ಕಾಣುತ್ತದೆ, ಆದರೂ ಕೆಲಸಕ್ಕೆ ಬರುತ್ತದೆ.

ಇಷ್ಟು ಓದಿ ನಿಮಗೆ ಯಂತ್ರದ ವೇಗವೇ ಮುಖ್ಯ ಅನಿಸಿರಬಹುದು. ನನ್ನ ಅಭಿಪ್ರಾಯ ಬೇರೆ. ಯಂತ್ರದ ವೇಗ ಈಗ ಸಾಕಷ್ಟಿದೆ. ತಡ ಆಗುವುದು ಬೇರೆ ಕಡೆ.

ಮೊದಲನೆಯದು, ಯಾವ ಸೀಳನ್ನು ಓಡಿಸಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಮೊದಲ ನಿಮಿಷಗಳಲ್ಲಿ ಜಾಗ, ಆಳ, ತೀವ್ರತೆ ಸಿಗುತ್ತವೆ. ಫಾಲ್ಟ್ ಯಾವ ಕಡೆ ವಾಲಿದೆ, ಯಾವ ಕಡೆ ಜಾರಿದೆ ಅನ್ನುವುದು ಇನ್ನೂ ಹತ್ತಿಪ್ಪತ್ತು ನಿಮಿಷ ಬಿಟ್ಟು. ಅದು ಸಿಕ್ಕಾಗಲೂ ಒಂದಲ್ಲ, ಎರಡು ಸಾಧ್ಯತೆ ಸಿಗುತ್ತವೆ, ಒಂದಕ್ಕೊಂದು ಅಡ್ಡವಾಗಿರುವ ಎರಡು ಸಮತಲ. ದೂರದಿಂದ ನೋಡಿದರೆ ಎರಡೂ ಒಂದೇ ಥರದ ಅಲೆ ಕಳಿಸುತ್ತವೆ. ಯಾವುದು ನಿಜವಾದ ಫಾಲ್ಟ್ ಅಂತ ತಿಳಿಯಲು ಆ ಪ್ರದೇಶದ ಫಾಲ್ಟ್ ನಕ್ಷೆ ಬೇಕು, ಇಲ್ಲವೇ ಹಿಂದಿಂದ ಬರುವ ಪಶ್ಚಾತ್ ಕಂಪನಗಳು ಯಾವ ಸಾಲಿನಲ್ಲಿ ಬೀಳುತ್ತವೆ ಅಂತ ಕಾದು ನೋಡಬೇಕು. ಜಾರಿದ್ದು ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅನ್ನುವ ವಿವರಕ್ಕೆ ಗಂಟೆಗಳೇ ಬೇಕು.

ಕಾಯುತ್ತಾ ಕೂರುವ ಹಾಗಿಲ್ಲ. ಅದಕ್ಕೆ ಒಂದೇ ಲೆಕ್ಕ ಹಾಕದೆ ಹತ್ತಾರು ಲೆಕ್ಕ ಒಟ್ಟಿಗೆ ಹಾಕುತ್ತಾರೆ. ಎರಡೂ ಸಮತಲ, ಸೀಳು ಎಡಕ್ಕೆ ಓಡಿದರೆ, ಬಲಕ್ಕೆ ಓಡಿದರೆ, ಎರಡೂ ಕಡೆ ಓಡಿದರೆ, ಜಾರಿಕೆ ಮೇಲೆ ಜಾಸ್ತಿ ಇದ್ದರೆ, ಆಳದಲ್ಲಿ ಇದ್ದರೆ. ಬಾರ್ಸಿಲೋನಾದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದವರು ಯುರೋಪಿನ ಚೀಸ್ ಯೋಜನೆಯಡಿ ಕಟ್ಟಿದ ತುರ್ತು ವ್ಯವಸ್ಥೆ ಇದೇ ದಾರಿ ಹಿಡಿದಿದೆ. ಭೂಕಂಪದ ಸುದ್ದಿ ಬಂದ ಕೂಡಲೇ ಮನುಷ್ಯರ ಕೈ ಸೋಕದೆ ಇಡೀ ಸರಪಳಿ ಓಡಬೇಕು ಅನ್ನುವುದು ಅದರ ಗುರಿ, ಮತ್ತು ಫಾಲ್ಟ್‌ನ ವಿವರ ಇನ್ನೂ ಬರದಿದ್ದರೆ ಆ ಜಾಗದ ಹಳೆಯ ಭೂಕಂಪಗಳನ್ನು ನೋಡಿ ಒಂದಿಷ್ಟು ಸಂಭವನೀಯ ಸೀಳುಗಳನ್ನು ತಾನೇ ಆರಿಸಿಕೊಳ್ಳುತ್ತದೆ. ಆಮೇಲೆ ಅಳತೆ ಕೇಂದ್ರಗಳ ದಾಖಲೆ ಒಂದೊಂದಾಗಿ ಬಂದಂತೆ, ಅವುಗಳಿಗೆ ಹೊಂದದ ಲೆಕ್ಕಗಳ ಬೆಲೆ ಇಳಿಸುತ್ತಾ ಹೋಗಬಹುದು. ದೊಡ್ಡ ಯಂತ್ರ ನಿಜಕ್ಕೂ ಬೇಕಾಗುವುದು ಇಲ್ಲಿ. ಒಂದು ನುಣುಪಾದ ಲೆಕ್ಕಕ್ಕಿಂತ ಮೂವತ್ತು ಒರಟು ಲೆಕ್ಕ ಒಟ್ಟಿಗೆ ಇದ್ದರೆ ಹೆಚ್ಚು ಉಪಯೋಗ. ಒಂದೇ ನಕ್ಷೆ ಕೊಟ್ಟರೆ ಜನ ಅದನ್ನೇ ಸತ್ಯ ಅಂದುಕೊಂಡುಬಿಡುತ್ತಾರೆ.

ಎರಡನೆಯದು ನೆಲದ ಮಾದರಿ. ಆಳಕ್ಕೆ ಹೋದಂತೆ ಕಲ್ಲು ಎಷ್ಟು ಗಟ್ಟಿ, ಮೆತ್ತನೆ ಮಣ್ಣು ಎಲ್ಲಿ ಎಷ್ಟು ಆಳ, ಬೆಟ್ಟ ಎಲ್ಲಿ. ಇದನ್ನು ಭೂಕಂಪ ಆದ ದಿನ ಮಾಡಲು ಆಗುವುದಿಲ್ಲ. ವರ್ಷಗಟ್ಟಲೆ ಮೊದಲೇ ಮಾಡಿ, ಲೆಕ್ಕದ ಬಿಂದುಗಳ ಗ್ರಿಡ್ ಕಟ್ಟಿ, ಪರೀಕ್ಷೆ ಮಾಡಿ, ಡಿಸ್ಕ್‌ನಲ್ಲಿ ಇಟ್ಟಿರಬೇಕು. ಮಾದರಿ ಕಳಪೆ ಇದ್ದರೆ ಪೆಟಾಫ್ಲಾಪ್ ಯಂತ್ರಕ್ಕಿಂತ ಸಾವಿರ ಪಟ್ಟು ವೇಗದ ಎಕ್ಸಾಸ್ಕೇಲ್ ಯಂತ್ರ ಕೊಟ್ಟರೂ ಕಳಪೆ ಉತ್ತರವೇ ಬರುತ್ತದೆ, ಬೇಗ ಬರುತ್ತದೆ ಅಷ್ಟೇ.

ಮೂರನೆಯದು ಸಾಲು. ಸೂಪರ್‌ಕಂಪ್ಯೂಟರ್ ಅಂದರೆ ಖಾಲಿ ಕೂತು ನಿಮಗಾಗಿ ಕಾಯುವ ಯಂತ್ರ ಅಲ್ಲ. ಹವಾಮಾನ, ಔಷಧ, ಕಣಭೌತಶಾಸ್ತ್ರ, ಎಲ್ಲರ ಕೆಲಸವೂ ಸಾಲಿನಲ್ಲಿ ನಿಂತಿರುತ್ತದೆ. ಸಾಮಾನ್ಯ ದಿನ ದೊಡ್ಡ ಕೆಲಸ ಕೊಟ್ಟರೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕು. ಹತ್ತು ನಿಮಿಷದ ಲೆಕ್ಕಕ್ಕೆ ಎರಡು ದಿನ ಸಾಲು! ತುರ್ತು ಗಣನೆ ಅನ್ನುವ ಇಡೀ ಶಾಖೆ ಹುಟ್ಟಿದ್ದೇ ಇದಕ್ಕೆ. ಅಮೆರಿಕದಲ್ಲಿ ಎರಡು ಸಾವಿರದ ದಶಕದಲ್ಲೇ ಸ್ಪ್ರೂಸ್ ಅನ್ನುವ ವ್ಯವಸ್ಥೆಯಲ್ಲಿ, ಮೊದಲೇ ಕೊಟ್ಟ ಟೋಕನ್ ತೋರಿಸಿದರೆ ನಿಮ್ಮ ಕೆಲಸ ಸಾಲಿನ ಮುಂದಕ್ಕೆ ಹೋಗುವಂತೆ ಮಾಡಿದ್ದರು. ಈಗ ಸ್ಲರ್ಮ್‌ನಂಥ ಸಾಲು ನಿರ್ವಾಹಕ ತಂತ್ರಾಂಶಗಳಲ್ಲೇ, ಓಡುತ್ತಿರುವ ಬೇರೆ ಕೆಲಸ ನಿಲ್ಲಿಸಿ ತುರ್ತು ಕೆಲಸ ಹತ್ತಿಸುವ ಸೌಲಭ್ಯ ಇದೆ. ತಾಂತ್ರಿಕವಾಗಿ ಇದು ಸುಲಭ. ಕಷ್ಟ ಇರುವುದು ಒಪ್ಪಂದದಲ್ಲಿ. ಯಾರೋ ಮೂರು ದಿನದಿಂದ ಓಡಿಸುತ್ತಿರುವ ಕೆಲಸವನ್ನು ನಿಲ್ಲಿಸುವ ಅಧಿಕಾರ ಯಾರಿಗೆ, ಎಷ್ಟು ತೀವ್ರತೆಯ ಮೇಲೆ, ಸುಳ್ಳು ಸೂಚನೆ ಬಂದರೆ ಯಾರು ಹೊಣೆ, ಇದೆಲ್ಲ ಶಾಂತವಾಗಿದ್ದಾಗಲೇ ಸಹಿ ಆಗಿರಬೇಕು.

ಚಿಲ್ಲರೆ ಅನಿಸುವ ಸಂಗತಿಗಳೂ ಇವೆ, ಆದರೆ ಆವತ್ತು ಕಾಲಿಗೆ ತೊಡರುವುದು ಅವೇ. ಲಾಗಿನ್‌ಗೆ ಒಬ್ಬರ ಮೊಬೈಲ್‌ಗೆ ಬರುವ ಒಟಿಪಿ ಬೇಕು ಅಂತಿದ್ದರೆ ಬೆಳಗಿನ ಜಾವ ನಾಲ್ಕಕ್ಕೆ ಆ ಮೊಬೈಲ್ ಎಲ್ಲಿರುತ್ತದೆ? ಯಂತ್ರವನ್ನು ಆವತ್ತೇ ನಿರ್ವಹಣೆಗೆ ನಿಲ್ಲಿಸಿದ್ದರೆ? ಹೋದ ತಿಂಗಳು ಕಂಪೈಲರ್ ಬದಲಾಯಿಸಿ ನಿಮ್ಮ ಕೋಡ್ ಓಡದಂತಾಗಿದ್ದರೆ? ಯಂತ್ರ ಇರುವ ಊರೇ ಅಲುಗಾಡಿದ್ದರೆ? ಕಡೇ ಪ್ರಶ್ನೆಗೆ ಉತ್ತರ, ದೂರ ದೂರದ ಎರಡು ಕಡೆ ಅದೇ ವ್ಯವಸ್ಥೆ ಸಿದ್ಧ ಇಡುವುದು. ಉಳಿದವಕ್ಕೆ ಒಂದೇ ಮದ್ದು, ಚಿಕ್ಕ ಭೂಕಂಪಕ್ಕೂ ಇಡೀ ಸರಪಳಿಯನ್ನು ಓಡಿಸುವುದು. ನಾಲ್ಕೂವರೆ, ಐದು ತೀವ್ರತೆಯವು ಪ್ರಪಂಚದಲ್ಲಿ ದಿನವೂ ಆಗುತ್ತಲೇ ಇರುತ್ತವೆ. ದೊಡ್ಡದಕ್ಕೆ ಮಾತ್ರ ಏಳುವ ವ್ಯವಸ್ಥೆ ದೊಡ್ಡದು ಬಂದಾಗ ಏಳುವುದಿಲ್ಲ.

ಕ್ಲೌಡ್ ಸಾಕಾಗಲ್ವಾ ಅಂತ ಕೇಳಿದ್ದಿರಿ. ಭಾಗಶಃ ಹೌದು. ಅಲೆ ಲೆಕ್ಕದಲ್ಲಿ ಇಡೀ ನೆಲವನ್ನು ತುಂಡು ಮಾಡಿ, ಒಟ್ಟಿಗೆ ಜೋಡಿಸಿದ ಬೇರೆ ಬೇರೆ ಕಂಪ್ಯೂಟರ್ ಘಟಕಗಳಿಗೆ, ಅಂದರೆ ನೋಡ್‌ಗೆ ಹಂಚಿರುತ್ತಾರೆ, ಪ್ರತಿ ಹೆಜ್ಜೆಗೂ ಪ್ರತಿ ತುಂಡು ತನ್ನ ಅಂಚಿನ ಮಾಹಿತಿಯನ್ನು ಪಕ್ಕದ ತುಂಡಿಗೆ ಕೊಡಬೇಕು. 20,000 ಹೆಜ್ಜೆ ಅಂದರೆ 20,000 ಸಲ. ಒಂದು ನೋಡ್ ತಡ ಮಾಡಿದರೆ ಎಲ್ಲ ನೋಡ್‌ಗಳೂ ಕಾಯುತ್ತವೆ. ಮಾಮೂಲಿ ಕ್ಲೌಡ್ ನೆಟ್‌ವರ್ಕ್ ಇಲ್ಲಿ ತೆವಳುತ್ತದೆ. ವೇಗದ ಜೋಡಣೆ ಇರುವ ಕ್ಲೌಡ್ ಯಂತ್ರಗಳೂ ಈಗ ಬಾಡಿಗೆಗೆ ಸಿಗುತ್ತವೆ, ಸಾವಿರಾರು ಲೆಕ್ಕ ಒಟ್ಟಿಗೆ ಮಾಡುವ ಜಿಪಿಯು ಚಿಪ್ಪುಗಳು ಬಂದ ಮೇಲಂತೂ ಚಿತ್ರವೇ ಬದಲಾಗಿದೆ. ಮೇಲೆ ಹೇಳಿದ 200 ಕೋಟಿ ಬಿಂದುವಿನ ಲೆಕ್ಕ ದೊಡ್ಡ ಮೆಮೊರಿಯ ಎಂಟು ಹತ್ತು ಜಿಪಿಯುಗಳಲ್ಲಿ ಕೂರುತ್ತದೆ, ಕೋಡ್ ಚೆನ್ನಾಗಿದ್ದರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಮುಗಿಯಲೂಬಹುದು. ಮೂವತ್ತು ಲೆಕ್ಕಗಳು ಒಂದಕ್ಕೊಂದು ಸಂಬಂಧ ಇಲ್ಲದವು, ಹಾಗಾಗಿ ಹತ್ತು ಇಲ್ಲಿ, ಇಪ್ಪತ್ತು ಅಲ್ಲಿ ಅಂತ ಹಂಚಬಹುದು. ಆದರೆ ಬೇಕಾದ ಕ್ಷಣಕ್ಕೆ ಅಷ್ಟು ಜಿಪಿಯು ಖಾಲಿ ಇರುತ್ತವಾ? ದುಡ್ಡು ಕೊಟ್ಟು ಕಾದಿರಿಸದಿದ್ದರೆ ಅದಕ್ಕೆ ಖಾತರಿ ಇಲ್ಲ. ಕೊನೆಗೆ ಪ್ರಶ್ನೆ ಮತ್ತೆ ಸಾಲಿನದೇ ಆಯಿತು.

ಇನ್ನೊಂದು ದಾರಿ, ಲೆಕ್ಕವನ್ನೇ ಮೊದಲು ಮುಗಿಸಿಡುವುದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸೈಬರ್‌ಶೇಕ್ ಅನ್ನುವ ಯೋಜನೆ ಲಕ್ಷಾಂತರ ಸಂಭವನೀಯ ಸೀಳುಗಳ ಅಲುಗಾಟವನ್ನು ಲೆಕ್ಕ ಹಾಕಿ ಇಟ್ಟಿದೆ. ಅದು ಮೂಲತಃ ಅಪಾಯದ ಅಂದಾಜಿಗೆ ಮಾಡಿದ್ದು. ಆದರೆ ಅಂಥ ಸಂಗ್ರಹದ ಮೇಲೆ ಮಷಿನ್ ಲರ್ನಿಂಗ್ ಮಾದರಿ ತರಬೇತು ಮಾಡಿದರೆ, ಭೂಕಂಪದ ಜಾಗ ಮತ್ತು ತೀವ್ರತೆ ಕೊಟ್ಟ ಕೂಡಲೇ ಸೆಕೆಂಡುಗಳಲ್ಲಿ ನಕ್ಷೆ ಬರುತ್ತದೆ. ನನಗೆ ಇದರ ಮೇಲೆ ಭರವಸೆ ಜಾಸ್ತಿ. ದೊಡ್ಡ ಯಂತ್ರದ ಬೆವರು ಮೊದಲೇ ಸುರಿದಿರುತ್ತದೆ, ಆವತ್ತು ಒಂದು ಸಾಮಾನ್ಯ ಸರ್ವರ್ ಸಾಕು. ಕೊರತೆ ಏನಂದರೆ, ಸಂಗ್ರಹದಲ್ಲಿ ಇಲ್ಲದ ಥರದ ಸೀಳು ಬಂದರೆ ಮಾದರಿ ತಪ್ಪುತ್ತದೆ, ತಪ್ಪಿದ್ದು ಗೊತ್ತಾಗುವ ಹಾಗೆ ತಪ್ಪುವುದೂ ಇಲ್ಲ. ಹಾಗಾಗಿ ಮೊದಲ ಎರಡು ನಿಮಿಷಕ್ಕೆ ಇದು, ಅರ್ಧ ಗಂಟೆಗೆ ನಿಜವಾದ ಸಿಮ್ಯುಲೇಷನ್‌ಗಳ ಗುಂಪು, ಆಮೇಲೆ ಹೊಸ ಮಾಹಿತಿ ಬಂದಂತೆ ತಿದ್ದುಪಡಿ. ನನ್ನನ್ನು ಕೇಳಿದರೆ ಸರಿಯಾದ ಕ್ರಮ ಇದು.

ಸುನಾಮಿಯ ಮಾತು ಬೇರೆ. ಅಲ್ಲಿ ಸೂಪರ್‌ಕಂಪ್ಯೂಟರ್ ‘ಆದ ಮೇಲೆ’ ಅಲ್ಲ, ‘ಆಗುವ ಮೊದಲೇ’ ಕೆಲಸಕ್ಕೆ ಬರುತ್ತದೆ, ಏಕೆಂದರೆ ನೀರು ದಡಕ್ಕೆ ಬರಲು ಹತ್ತಾರು ನಿಮಿಷ ಹಿಡಿಯುತ್ತದೆ. 2011ರ ಮಾರ್ಚ್ 11ರಂದು ಜಪಾನಿನ ಹವಾಮಾನ ಸಂಸ್ಥೆ ಮೂರು ನಿಮಿಷದಲ್ಲೇ ಎಚ್ಚರಿಕೆ ಕೊಟ್ಟಿತ್ತು. ಆದರೆ ಮೊದಲ ಅಂದಾಜು ತೀವ್ರತೆ 7.9, ನಿಜ 9.0. ಮಿಯಾಗಿಗೆ 6 ಮೀಟರ್, ಇವಾತೆ ಮತ್ತು ಫುಕುಶಿಮಾಗೆ 3 ಮೀಟರ್ ಅಲೆ ಅಂತ ಹೇಳಿದ್ದರು, ಬಂದದ್ದು ಅದಕ್ಕಿಂತ ಎಷ್ಟೋ ಎತ್ತರ. ತುಂಬಾ ದೊಡ್ಡ ಭೂಕಂಪಕ್ಕೆ ಆಗಿನ ವೇಗದ ಅಳತೆ ವಿಧಾನ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಆಮೇಲೆ ಸಮುದ್ರದ ತಳದಲ್ಲಿ 150 ಅಳತೆ ಕೇಂದ್ರಗಳ ಎಸ್-ನೆಟ್ ಕೇಬಲ್ ಜಾಲ ಹಾಕಿದರು. ತೊಹೊಕು ವಿಶ್ವವಿದ್ಯಾಲಯದವರು ಮತ್ತು ಜೊತೆಗಾರರು ಮೂರು ಹತ್ತುಗಳ ಸವಾಲು ಹಾಕಿಕೊಂಡರು: ಹತ್ತು ನಿಮಿಷದಲ್ಲಿ ಫಾಲ್ಟ್‌ನ ಅಂದಾಜು, ಮುಂದಿನ ಹತ್ತು ನಿಮಿಷದಲ್ಲಿ ಊರೊಳಗೆ ನೀರು ಎಲ್ಲಿವರೆಗೆ ನುಗ್ಗುತ್ತದೆ ಅನ್ನುವ ಲೆಕ್ಕ, ಅದೂ ಹತ್ತು ಮೀಟರ್ ಗ್ರಿಡ್‌ನಲ್ಲಿ. ಅದನ್ನು ಮಾಡಿಯೂ ತೋರಿಸಿದರು. ತುರ್ತು ಗಣನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಯಾಕಂದ್ರೆ ಅಲ್ಲಿ ಮೊದಲು ಗಡುವು ನಿಗದಿ ಮಾಡಿ, ಆಮೇಲೆ ಆ ಗಡುವಿಗೆ ಹೊಂದುವ ಲೆಕ್ಕ ಹುಡುಕಿದರು.

ಲೆಕ್ಕ ಮುಗಿದ ಮೇಲೆ ಏನು ಕಳಿಸಬೇಕು ಅನ್ನುವುದರಲ್ಲೂ ಜನ ಎಡವುತ್ತಾರೆ. ಸಿಮ್ಯುಲೇಷನ್ ಒಳಗಿನ ಪೂರ್ತಿ ಅಲೆ ಕ್ಷೇತ್ರ ಟೆರಾಬೈಟ್‌ಗಟ್ಟಲೆ. ಅದನ್ನು ಡಿಸ್ಕ್‌ಗೆ ಬರೆಯುತ್ತಾ ಕೂತರೆ ಲೆಕ್ಕಕ್ಕಿಂತ ಬರೆಯುವುದಕ್ಕೇ ಜಾಸ್ತಿ ಹೊತ್ತು. ಬೇಕಾದದ್ದು ನೆಲದ ಮೇಲ್ಮೈಯ ಗರಿಷ್ಠ ಅಲುಗಾಟ ಮಾತ್ರ. 200 ಕಿ.ಮೀ. ಚೌಕದಲ್ಲಿ ಕಿ.ಮೀ.ಗೊಂದು ಬಿಂದು ಅಂದರೆ 40,000 ಬಿಂದು, ಒಂದೊಂದಕ್ಕೆ ನಾಲ್ಕೈದು ಅಂಕಿ. ಫೋನಿನಲ್ಲಿ ತೆಗೆದ ಒಂದು ಫೋಟೋಗಿಂತ ಚಿಕ್ಕ ಫೈಲ್. ಕಂಟ್ರೋಲ್ ರೂಮಿನಲ್ಲಿ ಕೂತ ಅಧಿಕಾರಿಗೆ ಅದೂ ಬೇಡ. ಅವರಿಗೆ ಬೇಕಾದದ್ದು ಪಟ್ಟಿ. ಮೂವತ್ತು ಲೆಕ್ಕಗಳಲ್ಲಿ ಇಪ್ಪತ್ತೈದು ‘ಇಲ್ಲಿ ಜೋರು’ ಅಂದ ಊರುಗಳು ಮೇಲೆ. ಅದರಲ್ಲಿ ಇದುವರೆಗೆ ಒಂದೂ ಫೋನ್ ಬರದ ಊರುಗಳು ಇನ್ನೂ ಮೇಲೆ. ಆ ದಾರಿಯಲ್ಲಿರುವ ಸೇತುವೆ, ಗುಡ್ಡ ಕುಸಿಯಬಹುದಾದ ರಸ್ತೆ, ಹತ್ತಿರದ ಆಸ್ಪತ್ರೆ ನಿಂತಿರಬಹುದಾ ಇಲ್ಲವಾ. ಅಲುಗಾಟದಿಂದ ಹಾನಿಗೆ ದಾಟುವ ಈ ಹೆಜ್ಜೆಗೆ ಯಾವ ಕಟ್ಟಡ ಎಲ್ಲಿದೆ, ಹೇಗೆ ಕಟ್ಟಿದ್ದು ಅನ್ನುವ ಮಾಹಿತಿ ಬೇಕು. ಇಡೀ ಸರಪಳಿಯಲ್ಲಿ ಅತಿ ದುರ್ಬಲ ಕೊಂಡಿ ಇದೇ. ಸಿಮ್ಯುಲೇಷನ್ ಮಾಡುವವರು ಇದರ ಬಗ್ಗೆ ಮಾತಾಡುವುದೇ ಕಡಿಮೆ, ಅದು ‘ಬೇರೆಯವರ ಕೆಲಸ’ ಅಲ್ವಾ!

ಇನ್ನು ಎಲ್ಲಿಂದ ಶುರು ಮಾಡಬೇಕು. ಸ್ಪೆಕ್‌ಫೆಮ್‌3ಡಿ, ಸೀಸ್‌ಸೋಲ್, ಎಸ್‌ಡಬ್ಲ್ಯು4, ಇವೆಲ್ಲ ಉಚಿತವಾಗಿ ಸಿಗುವ ಮುಕ್ತ ಕೋಡ್‌ಗಳು. ಆದರೆ ನೇರವಾಗಿ ಅದಕ್ಕೆ ಕೈ ಹಾಕಬೇಡಿ. ಮೊದಲು ಎರಡು ಆಯಾಮದ ಅಲೆ ಸಮೀಕರಣವನ್ನು ನೀವೇ ಬರೆಯಿರಿ, ನೂರೈವತ್ತು ಸಾಲಿನೊಳಗೆ ಆಗುತ್ತದೆ. ಅದರಲ್ಲಿ ಒಂದು ಮೂಲೆಗೆ ಮೆತ್ತನೆ ಮಣ್ಣಿನ ತಗ್ಗು ಇಟ್ಟು ಏನಾಗುತ್ತದೆ ನೋಡಿ. ಹೆಜ್ಜೆಯ ಗಾತ್ರ ಸ್ವಲ್ಪ ಜಾಸ್ತಿ ಮಾಡಿದ ಕೂಡಲೇ ಅಂಕಿಗಳು ಆಕಾಶಕ್ಕೆ ಹೋಗುವುದನ್ನೂ ನೋಡಿ, ಯಾಕೆ ಅಂತ ಹುಡುಕಿ. ಆಮೇಲೆ ಎಂಪಿಐನಲ್ಲಿ (ಬೇರೆ ಬೇರೆ ನೋಡ್ ನಡುವೆ ಮಾಹಿತಿ ಸಾಗಿಸುವ ವಿಧಾನ) ಅದನ್ನು ತುಂಡು ಮಾಡಿ, ಇಲ್ಲವೇ ಜಿಪಿಯುಗೆ ಒಯ್ಯಿರಿ. ಇಷ್ಟಾದರೆ ದೊಡ್ಡ ಕೋಡ್ ಒಳಗೆ ಏನು ನಡೆಯುತ್ತಿದೆ ಅಂತ ಅರ್ಥ ಆಗುತ್ತದೆ.

ಅದಾದ ಮೇಲೆ ದಾಖಲೆ ಚೆನ್ನಾಗಿ ಸಿಗುವ ಒಂದು ಹಳೆಯ ಭೂಕಂಪ ಆರಿಸಿಕೊಳ್ಳಿ. ಆವತ್ತಿನ ಗಡಿಯಾರವನ್ನೇ ಇಟ್ಟುಕೊಂಡು ಆಡಿ, ಐದನೇ ನಿಮಿಷಕ್ಕೆ ಏನು ಗೊತ್ತಿತ್ತೋ ಅಷ್ಟೇ ಬಳಸಿ, ಇಪ್ಪತ್ತನೇ ನಿಮಿಷದ್ದನ್ನು ಇಪ್ಪತ್ತಕ್ಕೇ ಸೇರಿಸಿ. ಈಗ ಗೊತ್ತಿರುವ ಸರಿ ಉತ್ತರವನ್ನು ಕದ್ದು ನೋಡಬೇಡಿ. ಪ್ರತಿ ಹಂತಕ್ಕೆ ಎಷ್ಟು ಸಮಯ ಹಿಡಿಯಿತು ಅಂತ ಬರೆದಿಡಿ, ಗ್ರಿಡ್ ಓದುವುದು, ಸಾಲಿನಲ್ಲಿ ಕಾಯುವುದು, ಓಡುವುದು, ನಕ್ಷೆ ಮಾಡುವುದು ಎಲ್ಲ ಬೇರೆ ಬೇರೆಯಾಗಿ. ಯಾವ ಹಂತಕ್ಕೆ ಅತಿ ಹೆಚ್ಚು ಹೊತ್ತು ಹೋಯಿತೋ, ನಿಮ್ಮ ಪ್ರಾಜೆಕ್ಟ್‌ಗೆ ಅದೇ ವಿಷಯ ತಗೊಳ್ಳಿ.